ಉಪ್ಪು ಮುಟ್ಟದ ಕಿನ್ನಿ

"ಊರಿಡೀ ಮೀನಿಗೆ ಉಪ್ಪು ಹಾಕುವವಳಿಗೆ ಮನೆಯ ಸಾರಿಗೆ ಹಾಕ್ಲಿಕ್ಕೆ ಮಾತ್ರ ಕೈ ಬರುವುದಿಲ್ಲ" ಎಂದು ಬೆಂಗ್ರೆಯ ಹೆಂಗಸರು ಕಿನ್ನಿಯ ಬಗ್ಗೆ ಆಡಿಕೊಳ್ಳುತ್ತಿದ್ದರು. "ಅವಳ ಮನೆಯ ಸಾರನ್ನು ಬೆಕ್ಕು ಸಹ ಮೂಸುವುದಿಲ್ಲ ಮಾರಾಯ್ತಿ" ಎಂದು ಒಬ್ಬಳು ಹೇಳಿದರೆ, "ಮೂಸ್ತದೆ, ಮೂಸಿ ಪಕ್ಕದ ಬೀಫಾತಿಮ್ಮನ ಮನೆಗೆ ಹೋಗ್ತದೆ" ಎಂದು ಇನ್ನೊಬ್ಬಳು ನಗುವಳು. ಮದುವೆಯೂಟದಲ್ಲಿ ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು. ಕಿನ್ನಿ ಆ ತುದಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂರುತ್ತಿದ್ದಳು. ಬಡಿಸುವವನು ಗೊತ್ತಾಗದೆ ಕಾದು ನಿಂತರೆ "ಮುಂದೆ ಹೋಗು" ಎಂದಷ್ಟೇ ಹೇಳುತ್ತಿದ್ದಳು.

ಏನೋ ಹರಕೆ ಇರಬೇಕು ಎಂದು ಕೆಲವರು. ಇನ್ನು ಕೆಲವರು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಗಂಡನನ್ನು ಉಪ್ಪು ಕುಡಿಸಿ ಕೊಂದವಳು" ಎನ್ನುತ್ತಿದ್ದರು. ಹರಕೆಯ ಮಾತಿಗಿಂತ ಈ ಮಾತೇ ನಿಜಕ್ಕೆ ಹತ್ತಿರ. ಅದು ಹೇಗೆಂದು ಕೇಳಿ.

ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ನಾಲಿಗೆ ಚಾಚಿದಂತೆ ಮರಳು, ಅದು ಬೆಂಗ್ರೆ. ಪೇಟೆಯಿಂದ ಏನು ಬರಬೇಕಾದರೂ ದೋಣಿಯಲ್ಲೇ ಬರಬೇಕು. ಅಕ್ಕಿ, ಸೀಮೆಎಣ್ಣೆ, ಸೂಲಗಿತ್ತಿ, ಸುದ್ದಿ, ಎಲ್ಲವೂ. ಆ ಕಾಲದಲ್ಲಿ ಅಲ್ಲಿ ಸರಕಾರದ ಒಂದು ಉಪ್ಪಿನಂಗಳ ಇತ್ತು. ಮೀನು ಒಣಗಿಸುವವರಿಗೆ ಅಗ್ಗದ ಉಪ್ಪು ಕೊಡುವ ಜಾಗ. ಆದರೆ ಸುಮ್ಮನೆ ಹೋಗಿ ಕೈಯೊಡ್ಡಿದರೆ ಕೊಡುವುದಿಲ್ಲ. ಬುಟ್ಟಿಯಲ್ಲಿ ಮೀನು ತರಬೇಕು. ಮೀನಿನ ತೂಕ ನೋಡಿ ಬಾಗಿಲಲ್ಲಿ ಕುಳಿತ ಗುಮಾಸ್ತ ಉಪ್ಪು ಅಳೆಸುತ್ತಿದ್ದ. ಅಲ್ಲೇ ಹಾಕಬೇಕು, ಹೊರಗೆ ಒಂದು ಹರಳೂ ಹೋಗಕೂಡದು. ಸಂಜೆ ಹೆಂಗಸರು ಸೆರಗು ಕೊಡವಿ ತೋರಿಸಿಯೇ ಹೊರಡಬೇಕಿತ್ತು.

ಕಿನ್ನಿ ಆ ಅಂಗಳದ ಕೆಲಸದವಳು. ಬಂಗುಡೆಯ ಬೆನ್ನು ಸೀಳಿ, ಕರುಳು ತೆಗೆದು, ಹೊಟ್ಟೆಗೂ ಕಿವಿರಿಗೂ ಉಪ್ಪು ತುಂಬಿ ತೊಟ್ಟಿಯಲ್ಲಿ ಅಡುಕಿದರೆ ಮರುದಿನಕ್ಕೆ ಮೀನು ತನ್ನ ನೀರಲ್ಲೇ ಮುಳುಗಿರುತ್ತಿತ್ತು. ಮೈ ಗಟ್ಟಿಯಾಗಿ, ಕಣ್ಣು ಒಳಗೆ ಹೋಗಿ, ಚರ್ಮ ನೆರಿಗೆ ಬಿದ್ದಿರುತ್ತಿತ್ತು. ಯಾವ ಮೀನಿಗೆ ಎಷ್ಟು ಉಪ್ಪು ಎಂದು ಕಿನ್ನಿ ತೊಟ್ಟಿಯ ನೀರನ್ನು ನಾಲಿಗೆಗೆ ಮುಟ್ಟಿಸಿ ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪುತ್ತಿರಲಿಲ್ಲ. "ಇವಳ ನಾಲಿಗೆಯಲ್ಲಿ ತಕ್ಕಡಿ ಉಂಟು" ಎಂದು ಗುಮಾಸ್ತನೇ ಒಪ್ಪಿದ್ದ.

ಮೊದಲ ಮಹಾಯುದ್ಧ ಮುಗಿದ ಎರಡನೆಯ ವರ್ಷ ಬೆಂಗ್ರೆಗೆ ಕಾಲರಾ ಬಂತು. ಕಿನ್ನಿಯ ಗಂಡ ಬೂಬ ಬಲೆಯ ಕೆಲಸಕ್ಕೆ ಹೋಗುವವನು, ಬಾಳೆಯ ದಿಂಡಿನಂಥ ಮೈ. ಬೆಳಗ್ಗೆ ದೋಣಿಯಿಂದ ಇಳಿದವನು ಮರಳಲ್ಲೇ ಕೂತುಬಿಟ್ಟ. ಅಕ್ಕಿ ತೊಳೆದ ನೀರಿನಂಥದ್ದು ಅವನ ಮೈಯಿಂದ ಕೊಡಗಟ್ಟಲೆ ಹೋಯಿತು. ಬಿಸಿಲೇರುವಷ್ಟರಲ್ಲಿ ಕಣ್ಣು ಗುಳಿ ಬಿದ್ದಿತ್ತು. ಬೆರಳುಗಳು ಮುದುಕನ ಬೆರಳುಗಳಾಗಿದ್ದವು.

"ಕಿನ್ನೀ, ನೀರು" ಎಂದ.

"ಕೊಡ್ಬೇಡ" ಎಂದರು ಹಿರಿಯರು. "ಕೊಟ್ಟದ್ದೆಲ್ಲ ಹೊರಗೇ ಬರ್ತದೆ. ನೀರೇ ಈ ರೋಗಕ್ಕೆ ಊಟ."

ಬೇರೆ ಯಾವ ಊರಿನ ಹೆಂಗಸಾದರೂ ತಲೆಗೆ ಕೈಹೊತ್ತು ಕೂರುತ್ತಿದ್ದಳೋ ಏನೋ. ಕಿನ್ನಿಗೆ ಮೀನಿನ ಹೊಟ್ಟೆ ಕೊಳೆಯುವುದೆಂದರೆ ಏನೆಂದು ಗೊತ್ತಿತ್ತು, ಅದನ್ನು ನಿಲ್ಲಿಸುವ ವಸ್ತು ಯಾವುದೆಂದೂ ಗೊತ್ತಿತ್ತು. ಅಂಗಳಕ್ಕೆ ಓಡಿದಳು. ಎಲೆಯಲ್ಲಿ ಉಪ್ಪು ಕಟ್ಟಿ ತುರುಬಿನೊಳಗೆ ಸಿಕ್ಕಿಸಿಕೊಂಡಳು. ಸೆರಗು ಕೊಡವಿ ತೋರಿಸಿ ಹೊರಬಿದ್ದಳು. ತೆಂಗಿನ ಚಿಪ್ಪಿನಷ್ಟು ನೀರಿಗೆ ಮುಷ್ಟಿ ಉಪ್ಪು ಹಾಕಿ, ಕರಗುವುದು ನಿಲ್ಲುವವರೆಗೆ ಕಲಸಿ, ಗಂಡನ ಬಾಯಿಗೆ ಹಿಡಿದಳು.

"ಇದು ಕಡಲು ಮಾರಾಯ್ತಿ" ಎಂದ ಬೂಬ. ಆ ಹೊತ್ತಿನಲ್ಲೂ ತಮಾಷೆ.

"ಕುಡೀರಿ. ನಿಲ್ತದೆ."

ಮೂರು ಚಿಪ್ಪು ಕುಡಿಸಿದಳು. ಮೊದಲು ಒಂದು ಪಾಲು ಹೋಗುತ್ತಿದ್ದದ್ದು ಆಮೇಲೆ ಎರಡು ಪಾಲು ಹೋಯಿತು. ಸೂರ್ಯ ನೆತ್ತಿಗೆ ಬರುವಾಗ ಬೂಬ ಇರಲಿಲ್ಲ.

ಅಳಲಿಕ್ಕೂ ಬಿಡುವು ಸಿಗಲಿಲ್ಲ. ನಾಲ್ಕನೆಯ ದಿನ ಮೂರು ವರ್ಷದ ಮಗಳು ಮುದ್ದುವಿಗೆ ಶುರುವಾಯಿತು. ಈ ಸಲ ಕಿನ್ನಿ ಉಪ್ಪಿಗೆ ಹೋಗಲಿಲ್ಲ. ಪಕ್ಕದ ಮನೆಯ ಅದ್ದು ಹೊಳೆ ದಾಟಿಸುವ ಕಡವಿನ ದೋಣಿಯವನು, ಬೀಫಾತಿಮ್ಮನನ್ನು ಮದುವೆಯಾಗಿ ಆಗಷ್ಟೇ ವರ್ಷವಾಗಿತ್ತು. "ಕೂತ್ಕೊಳ್ಳಿ ಕಿನ್ನಿಯಕ್ಕ" ಎಂದು ದೋಣಿ ನೂಕಿದವನು ಆಚೆ ದಡ ಮುಟ್ಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಎಸ್ತೆರ್ ಬಾಯಿ ಎಂಬ ದಾದಿ ಇದ್ದಳು. ಮಗುವಿನ ಕೈಯಲ್ಲಿ ನರವೇ ಸಿಗಲಿಲ್ಲ. ಕಾಲಲ್ಲಿ ಹುಡುಕಿ ಸೂಜಿ ಹಾಕಿದರು. ಗಾಜಿನ ಬಾಟಲಿ, ಅದರಿಂದ ಇಳಿದ ರಬ್ಬರಿನ ಕೊಳವೆ, ಒಳಗೆ ನೀರಿನಂಥ ನೀರು. ಕಿನ್ನಿ ನೋಡುತ್ತ ನೋಡುತ್ತ ಮಗುವಿನ ಗುಳಿಬಿದ್ದ ಕೆನ್ನೆ ಮೇಲೆದ್ದಿತು. ಕಣ್ಣು ತೆರೆಯಿತು. ಬೀಫಾತಿಮ್ಮನ ಆಡಿನ ಮರಿ ಬೇಕೆಂದು ಹಟ ಹಿಡಿಯಿತು.

"ಬಾಯಿ, ಇದು ಎಂತ ಮದ್ದು?"

"ಮದ್ದಲ್ಲ. ಉಪ್ಪು ನೀರು."

ಕಿನ್ನಿಯ ಮುಖ ಬೆಳಗಿತು. "ಹಾಗಾದ್ರೆ ನಾನು ಮಾಡಿದ್ದು ಸರಿಯೇ ಬಾಯಿ. ಅವರಿಗೆ ನಾನು ಕೊಟ್ಟದ್ದು ಸಹ ಉಪ್ಪು ನೀರೇ. ದೈವ ಕಣ್ಣು ಬಿಡ್ಲಿಲ್ಲ, ಅಷ್ಟೆ."

"ಎಷ್ಟು ಉಪ್ಪು?"

ಕಿನ್ನಿ ಮುಷ್ಟಿ ತೋರಿಸಿದಳು.

"ಎಷ್ಟು ನೀರಿಗೆ?"

"ಒಂದು ಚಿಪ್ಪಿಗೆ. ಮೂರು ಸಲ."

ಎಸ್ತೆರ್ ಬಾಟಲಿಯ ಕಡೆ ನೋಡುತ್ತ ನಿಂತಳು. ಹೌದು, ಸರಿಯೇ ಮಾಡಿದ್ದೀ ಎಂದಿದ್ದರೆ ಕಿನ್ನಿ ಅದನ್ನೇ ನಂಬಿಕೊಂಡು ಬದುಕುತ್ತಿದ್ದಳು. ಆದರೆ ಮುಂದೆ ಇನ್ನೊಬ್ಬರಿಗೆ ಅದನ್ನೇ ಕುಡಿಸುತ್ತಿದ್ದಳು. ದಾದಿ ಅದನ್ನು ಯೋಚಿಸಿರಬೇಕು.

"ನೀನು ಎಂತ ಕೆಲಸ ಮಾಡುವುದು?"

"ಮೀನಿಗೆ ಉಪ್ಪು ಹಾಕುವುದು."

"ಹೊಟ್ಟೆಗೆ ಉಪ್ಪು ತುಂಬಿಸಿದ ಬಂಗುಡೆ ಮರುದಿನ ಹೇಗಿರ್ತದೆ, ಹೇಳು."

"ನೀರೆಲ್ಲ ಬಿಟ್ಟು, ಕಣ್ಣು ಒಳಗೆ ಹೋಗಿ..." ಎಂದು ಶುರು ಮಾಡಿದ ಕಿನ್ನಿಯ ಮಾತು ಅಲ್ಲಿಗೇ ನಿಂತಿತು.

"ಅವ ಹೇಗೂ ಉಳಿಯುತ್ತಿರ್ಲಿಲ್ಲವೋ ಏನೋ" ಎಂದಳು ಎಸ್ತೆರ್. "ಈ ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋಗ್ತಾರೆ." ಅದು ಕಿನ್ನಿಗೆ ಕೇಳಿಸಿತೋ ಇಲ್ಲವೋ. ದಾದಿ ಬಾಟಲಿಯ ತಳದಲ್ಲಿ ಉಳಿದದ್ದನ್ನು ಅವಳ ಅಂಗೈಗೆ ಎರಡು ಹನಿ ಬಗ್ಗಿಸಿದಳು. "ನಾಲಿಗೆಗೆ ಹಚ್ಚಿ ನೋಡು."

ಕಿನ್ನಿ ನೋಡಿದಳು. "ಕಣ್ಣೀರಿನಷ್ಟು" ಎಂದಳು.

"ಅಷ್ಟೇ. ರಕ್ತದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಉಪ್ಪು ಹೆಚ್ಚು ಮಾಡಿದ್ರೆ ಮೈಯ ನೀರನ್ನು ಹೊರಗೆ ಎಳೀತದೆ. ಉಪ್ಪೇ ಇಲ್ಲದಿದ್ರೆ ಕುಡಿದ ನೀರು ನಿಲ್ಲುವುದಿಲ್ಲ." ಮನೆಗೆ ಹೊರಡುವವರೆಗೂ ಎಸ್ತೆರ್ ಮಗುವಿಗೆ ಅದೇ ರುಚಿಯ ಗಂಜಿ ತಿಳಿಯನ್ನು ಚಮಚದಲ್ಲಿ ಕುಡಿಸಿದಳು. ಬೇರೆ ರೋಗಿಗಳಿಗೂ ಹಾಗೆಯೇ ಮಾಡುತ್ತಿದ್ದಳು. ಅದು ಯಾಕೆ ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ನಿಲ್ಲುವುದನ್ನು ಕಂಡಿದ್ದಳು, ಅಷ್ಟೆ.

ಈಗ ನಮಗೆ ಗೊತ್ತು. ನಮ್ಮ ಮೈ ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಆಗಿದೆ. ಒಂದೊಂದು ಕೋಶವೂ ಒಂದೊಂದು ಬೆಂಗ್ರೆ. ಸುತ್ತ ನೀರು, ನಡುವೆ ಬದುಕು. ಅದರ ದಡವೆಂದರೆ ಒಂದು ತೆಳ್ಳನೆಯ ಪೊರೆ, ಎಣ್ಣೆಯಂಥ ಕೊಬ್ಬಿನ ಎರಡು ಪದರ. ಉಪ್ಪಾಗಲಿ ಸಕ್ಕರೆಯಾಗಲಿ ಎಲ್ಲೆಂದರಲ್ಲಿ ಹತ್ತಿ ಇಳಿಯುವಂತಿಲ್ಲ. ಅದಕ್ಕೆ ಕಡವು ಇದೆ, ಕಡವಿಗೆ ಕಾವಲಿದೆ. ನೀರು ಮಾತ್ರ ಉಪ್ಪು ಹೆಚ್ಚಿರುವ ಕಡೆಗೆ ನುಸುಳುತ್ತ ಹೋಗುತ್ತದೆ. ತೊಟ್ಟಿಯ ಬಂಗುಡೆಗೆ ಆಗುವುದು ಅದೇ. ಬೂಬನ ಕರುಳಿಗೆ ಬಿದ್ದ ಉಪ್ಪು ಅವನ ಮೈಯ ಅಳಿದುಳಿದ ನೀರನ್ನೂ ತನ್ನ ಕಡೆಗೆ ಕರೆದುಕೊಂಡಿತು.

ಪೊರೆಯ ಹೊರಮೈಯಲ್ಲಿ ಕಿವಿಗಳೂ ಇವೆ ಎನ್ನಬಹುದು. ಒಂದು ಕೋಶ ಹೇಳಿಕಳಿಸಿದ್ದನ್ನು ಇನ್ನೊಂದು ಕೋಶ ಆ ಜಾಗದಲ್ಲಿ ಹಿಡಿದುಕೊಳ್ಳುತ್ತದೆ. ಬಾಗಿಲು ತೆರೆ, ಮುಚ್ಚು, ಇಷ್ಟು ಕಳಿಸು, ಸಾಕು ಎಂದು ಹೀಗೆ ಮಾತು ನಡೆಯುತ್ತದೆ. ಕಾಲರಾದ ಕ್ರಿಮಿ ಕರುಳಿನ ಕೋಶದೊಳಗೆ ಕಾಲಿಡುವುದೇ ಇಲ್ಲ. ಹೊರಗೆ ನಿಂತು ತನ್ನ ವಿಷವನ್ನು ಕಳಿಸುತ್ತದೆ. ಅದು ಪೊರೆಯ ಮೇಲೆ ಅಂಟಿಕೊಂಡು, ಒಳಗೆ ಒಂದು ಸುಳ್ಳು ಸುದ್ದಿ ದಾಟಿಸುತ್ತದೆ: ಉಪ್ಪು ಹೊರಗೆ ಬಿಡು, ಬಿಡುತ್ತಲೇ ಇರು. ಸಾಕು ಎನ್ನುವ ಮಾತು ಆಮೇಲೆ ಎಲ್ಲಿಂದಲೂ ಬರುವುದಿಲ್ಲ. ಕೋಶ ಪಾಪ, ಹೇಳಿದ್ದನ್ನು ಮಾಡುತ್ತದೆ. ಉಪ್ಪು ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ.

ಒಂದು ಕಡವು ಮಾತ್ರ ಆ ಸುಳ್ಳಿಗೆ ಕೆಡುವುದಿಲ್ಲ. ಉಪ್ಪು ಅಲ್ಲಿಗೆ ಒಂಟಿಯಾಗಿ ಬಂದರೆ ಬಿಡುವುದಿಲ್ಲ, ಸಕ್ಕರೆಯ ಜೊತೆ ಬಂದರೆ ಎರಡನ್ನೂ ಒಳಗೆ ಬಿಡುತ್ತದೆ; ಮೀನು ತಂದವರಿಗೆ ಮಾತ್ರ ಉಪ್ಪು ಅಳೆಸುತ್ತಿದ್ದ ಗುಮಾಸ್ತನ ಹಾಗೆ. ಅವೆರಡು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಗಂಜಿ ಹೊಟ್ಟೆಯಲ್ಲಿ ಕರಗಿದರೆ ಅದೂ ಸಕ್ಕರೆಯೇ. ಇದನ್ನೆಲ್ಲ ವಿದ್ವಾಂಸರು ಕಂಡುಕೊಂಡದ್ದು ಕಿನ್ನಿ ಸತ್ತು ಎಷ್ಟೋ ವರ್ಷಗಳ ಮೇಲೆ.

ಕಿನ್ನಿ ಆಸ್ಪತ್ರೆಯಿಂದ ಮರಳಿದ ದಿನವೇ ಮನೆಯ ಉಪ್ಪಿನ ಮಡಕೆಯನ್ನು ಹೊಳೆಗೆ ಎಸೆದಳು. ಅಂಗಳದ ಕೆಲಸ ಬಿಡಲಿಲ್ಲ, ಬಿಟ್ಟರೆ ಊಟವಿಲ್ಲ. ಆದರೆ ತೊಟ್ಟಿಯ ನೀರನ್ನು ನಾಲಿಗೆಗೆ ಮುಟ್ಟಿಸುವುದನ್ನು ನಿಲ್ಲಿಸಿದಳು. ಮುದ್ದು ಗಂಜಿಯ ಬಟ್ಟಲು ಹಿಡಿದುಕೊಂಡು ಬೀಫಾತಿಮ್ಮನ ಜಗಲಿಗೆ ಓಡುತ್ತಿದ್ದಳು. "ಬಂತು ನೋಡು, ಉಪ್ಪಿನ ದೋಣಿ" ಎಂದು ಬೀಫಾತಿಮ್ಮ ಒಂದು ಚಿಟಿಕೆ ಹಾಕುತ್ತಿದ್ದಳು. ಕಿನ್ನಿ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದಳು.

ಹೀಗೆ ಹದಿನೇಳು ವರ್ಷ. ಮುದ್ದುವಿಗೆ ಕುದ್ರೋಳಿಯ ಕಡೆ ಮದುವೆಯಾಯಿತು. ಮೊದಲ ಆಟಿ ತಿಂಗಳಿಗೆ ಮಗಳು ತಾಯಿಮನೆಗೆ ಬರಬೇಕು, ಅದು ನಮ್ಮ ಕಡೆಯ ಪದ್ಧತಿ. ಅಳಿಯ ಕಡವಿನವರೆಗೆ ಬಂದು ಬಿಟ್ಟುಹೋದ. ಆಟಿಯೆಂದರೆ ಜಡಿಮಳೆಯ, ಕೆಲಸವಿಲ್ಲದ, ಅಕ್ಕಿಯಿಲ್ಲದ ತಿಂಗಳು. ಆ ವರ್ಷ ಹೊಳೆ ಉಕ್ಕಿ ಬಂದು ತಗ್ಗಿನ ಮನೆಗಳ ಬಾವಿಗಳಿಗೆ ಕೊಳಕು ನೀರು ನುಗ್ಗಿತು. ವಾರದಲ್ಲಿ ಎರಡು ಹೆಣ ಬಿದ್ದವು. ಮೂರನೆಯದಾಗಿ ಕಾಲರಾ ಹಿಡಿದದ್ದು ಮುದ್ದುವನ್ನು.

ಕಿನ್ನಿ ಮಳೆಯಲ್ಲೇ ಅದ್ದುವಿನ ಅಂಗಳಕ್ಕೆ ಓಡಿದಳು. "ದೋಣಿ ತೆಗಿ ಅದ್ದು. ಮುದ್ದುವಿಗೆ ಬಂತು."

ಅದ್ದು ಅವಳನ್ನು ಹೊಳೆಯ ಬದಿಗೆ ಕರೆದುಕೊಂಡು ಹೋಗಿ ತೋರಿಸಿದ. ಬುಡಸಮೇತ ಕಿತ್ತ ತೆಂಗಿನ ಮರಗಳು ಅಳಿವೆಯ ಕಡೆಗೆ ಓಡುತ್ತಿದ್ದವು. "ನೀವೇ ಹೇಳಿ ಕಿನ್ನಿಯಕ್ಕ. ಇಳಿದ್ರೆ ನಾವು ಕಡಲಿನಲ್ಲಿ. ನೀರು ಸ್ವಲ್ಪ ತಗ್ಗಿದ ಗಳಿಗೆಯೇ ತೆಗೀತೇನೆ, ಅಲ್ಲಾಹನ ಆಣೆ."

ಆಸ್ಪತ್ರೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಹೋಗುವ ದಾರಿಯಿಲ್ಲ. ಕಿನ್ನಿ ಮನೆಗೆ ಬಂದು ಎಳನೀರಿನ ಬೊಂಡ ಕೆತ್ತಿ ಅದರ ನೀರು ಕೊಟ್ಟಳು. ಕುದಿಸಿ ಆರಿಸಿದ ನೀರು ಕೊಟ್ಟಳು. ಎಲ್ಲ ಬಂದ ದಾರಿಯಲ್ಲೇ ಹೋಯಿತು. ಮುದ್ದುವಿನ ಕಾಲಿನ ಮೀನಖಂಡ ಹಗ್ಗದಂತೆ ಹುರಿಗೊಂಡಿತು. ಕಿನ್ನಿ ತಿಕ್ಕುತ್ತ ಕೂತಳು. ಏನು ಮಾಡಬೇಕೆಂದು ಅವಳಿಗೆ ಬೆಳಗ್ಗಿನಿಂದಲೂ ಗೊತ್ತಿತ್ತು. ಅದನ್ನು ಮಾಡದೆ ಮಧ್ಯಾಹ್ನದವರೆಗೆ ಕಳೆದಳು.

ಕೊನೆಗೆ ಮಗಳ ಕೈಯ ಮೇಲಿನ ಚರ್ಮವನ್ನು ಚಿವುಟಿ ಎತ್ತಿದಳು. ಎತ್ತಿದ ನೆರಿಗೆ ಹಾಗೇ ನಿಂತಿತು. ತೊಟ್ಟಿಯಿಂದ ತೆಗೆದ ಮೀನಿಗೆ ಹಾಗೆ ನಿಲ್ಲುತ್ತದೆ. ಕಿನ್ನಿ ಎದ್ದು ಬೀಫಾತಿಮ್ಮನ ಜಗಲಿಯ ಕೆಳಗೆ, ಮೆಟ್ಟಿಲು ಹತ್ತದೆ ನಿಂತಳು.

"ಸ್ವಲ್ಪ ಉಪ್ಪು ಬೇಕಿತ್ತು."

ಬೀಫಾತಿಮ್ಮ ಅವಳ ಮುಖ ನೋಡಿದಳು. "ನಿನಗಾ? ಉಪ್ಪಾ?" ಆಮೇಲೆ ಅರ್ಥವಾಗಿ ಎದೆಗೆ ಕೈಯಿಟ್ಟಳು. "ಬೇಡ ಕಿನ್ನಿ. ಬೂಬಣ್ಣನಿಗೆ ಕೊಟ್ಟ ಹಾಗೆ ಈ ಮಗುವಿಗೆ ಕೊಡ್ಬೇಡ. ನಿನ್ನ ಕಾಲಿಗೆ ಬೀಳ್ತೇನೆ."

ಹದಿನೇಳು ವರ್ಷದಲ್ಲಿ ಯಾರೂ ಅದನ್ನು ಅವಳ ಮುಖಕ್ಕೆ ಹೇಳಿರಲಿಲ್ಲ.

"ಕೊಡದಿದ್ರೆ ಸಹ ಹೋಗ್ತಾಳೆ" ಎಂದಳು ಕಿನ್ನಿ. "ಕೊಟ್ಟು ಹೋದ್ರೆ ಜನ ಎಂತ ಹೇಳ್ತಾರೆ ಅಂತ ನನಗೆ ಗೊತ್ತುಂಟು. ನೀನು ಮೊದಲು ಹೇಳು, ಆಮೇಲೆ ಉಳಿದವರು ಹೇಳ್ಲಿ. ಈಗ ಉಪ್ಪು ಕೊಡು."

ಬೀಫಾತಿಮ್ಮ ಅಳುತ್ತ ಒಳಗೆ ಹೋದಳು. ಉಪ್ಪನ್ನೂ ತಂದಳು, ಒಂದು ಸೇರು ಅಕ್ಕಿಯನ್ನೂ ತಂದಳು.

ಕಿನ್ನಿ ಗಂಜಿಯನ್ನು ಅನ್ನ ಕರಗುವವರೆಗೆ ಬೇಯಿಸಿ ತಿಳಿ ಬಸಿದಳು. ಒಂದು ಹರಳು ಉಪ್ಪು ಹಾಕಿ ನಾಲಿಗೆಗೆ ಮುಟ್ಟಿಸಿದಳು. ಕಡಲಿನಷ್ಟು ಉಪ್ಪು! ಇಷ್ಟು ದೊಡ್ಡ ಪಾತ್ರೆಗೆ ಒಂದು ಹರಳು ಹಾಕಿದರೆ ಅಷ್ಟು ಉಪ್ಪಾಗುವುದು ಸಾಧ್ಯವೇ ಇಲ್ಲ. ಆಗ ಅವಳಿಗೆ ಹೊಳೆಯಿತು: ಕೆಟ್ಟದ್ದು ಗಂಜಿಯಲ್ಲ, ನಾಲಿಗೆ. ಹದಿನೇಳು ವರ್ಷ ಉಪ್ಪು ಕಾಣದ ನಾಲಿಗೆಗೆ ಒಂದು ಹರಳೇ ಕಡಲು. ಗುಮಾಸ್ತ ಹೊಗಳಿದ ತಕ್ಕಡಿ ಇಲ್ಲವಾಗಿತ್ತು. ಅದನ್ನು ನಂಬಿದರೆ ಮಗಳಿಗೆ ಬರೀ ನೀರು ಕುಡಿಸಿದಂತೆ. ನಂಬದೆ ಅಂದಾಜಿನಲ್ಲಿ ಹಾಕಿದರೆ ಇನ್ನೊಂದು ಚಿಪ್ಪು, ಇನ್ನೊಬ್ಬ ಬೂಬ.

ಕಣ್ಣೀರಿನಷ್ಟು ಎಂದು ಅವತ್ತು ತಾನೇ ಹೇಳಿದ್ದಳು. ಮುದ್ದುವಿನ ಕಣ್ಣಲ್ಲಿ ನೀರಿರಲಿಲ್ಲ, ಆರಿಹೋಗಿತ್ತು. ಕಿನ್ನಿಗೆ ಅಳು ಬರಲಿಲ್ಲ. ಬೇಕೆಂದಾಗ ಬರುವ ವಸ್ತುವಲ್ಲ ಅದು. ಅವಳು ಜಗಲಿಯ ಮೂಲೆಯಿಂದ ತೆಂಗಿನ ಹಸಿ ಮಡಲು ಎಳೆದು ತಂದು ಒಲೆಗೆ ತುರುಕಿದಳು. ಮುಖವನ್ನು ಒಲೆಯ ಬಾಯಿಗೆ ಒಯ್ದು ಊದಿದಳು. ಹೊಗೆ ತಿರುಗಿ ಬಡಿಯಿತು. ಕಣ್ಣು ಉರಿದು ನೀರು ಇಳಿಯಿತು. ಮೇಲ್ತುಟಿಗೆ ಬಂದದ್ದನ್ನು ನೆಕ್ಕಿದಳು, ಗಂಜಿ ನೆಕ್ಕಿದಳು. ಗಂಜಿಯೇ ಸಪ್ಪೆ. ಇನ್ನೆರಡು ಹರಳು ಹಾಕಿ ಕಲಸಿದಳು. ಮತ್ತೆ ಊದಿದಳು, ಮತ್ತೆ ನೆಕ್ಕಿದಳು. ಹೀಗೆ ಅಳತೆ ಮಾಡುತ್ತ ಮಾಡುತ್ತ ಎರಡೂ ಒಂದೇ ರುಚಿಗೆ ಬಂದವು.

ಮೊದಲ ಚಮಚದಲ್ಲಿ ಅರ್ಧ ಮಗಳ ಕೊರಳಿಗೆ ಚೆಲ್ಲಿತು. ಮುದ್ದು ಕುಡಿದಳು. ಕಕ್ಕಿದಳು. ಕಿನ್ನಿ ಹತ್ತು ಉಸಿರು ಎಣಿಸಿ ಮತ್ತೆ ಕೊಟ್ಟಳು. ಚಮಚ, ವಾಂತಿ, ಚಮಚ. ಕೊನೆಗೊಮ್ಮೆ ಒಂದು ಚಮಚ ನಿಂತಿತು, ಆಮೇಲೆ ಮೂರು. ಹೋಗುವುದು ನಿಲ್ಲಲಿಲ್ಲ, ಆದರೆ ಹೋದದ್ದಕ್ಕಿಂತ ಒಂದು ಗುಟುಕು ಹೆಚ್ಚು ಒಳಗೆ ಹೋಗಬೇಕೆಂದು ಕಿನ್ನಿ ಹಟ ಹಿಡಿದು ಕೂತಳು. ಮಗಳ ಹಾಸಿಗೆಯ ಹೊಲಸನ್ನು ಬರಿಗೈಯಲ್ಲೇ ಬಾಚಿದಳು. ಕೈ ತೊಳೆಯುವಷ್ಟು ಹೊತ್ತು ಚಮಚ ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಅವಳು ಹೊರಗೆ ಬಂದು ಬೇಲಿಯ ಮೇಲಿಂದ ಕೂಗಿದಳು. "ಬೀಫಾತಿಮ್ಮಾ! ಮುದ್ದು ಉಚ್ಚೆ ಹೊಯ್ದಳು! ಮೈಯಲ್ಲಿ ನೀರು ನಿಂತಿತು!"

"ಊರಿಗೆಲ್ಲ ಡಂಗುರ ಹೊಡಿ ಮಾರಾಯ್ತಿ" ಎಂದು ಬೀಫಾತಿಮ್ಮ ನಗುತ್ತ ಹೊರಗೆ ಓಡಿ ಬಂದವಳು, ಕಿನ್ನಿಯನ್ನು ನೋಡಿ ನಗು ನಿಲ್ಲಿಸಿದಳು. "ನಿನಗೆ ಎಂತ ಆಯ್ತು? ಮುಖ ಯಾಕೆ ಹಾಗೆ?"

"ಹೊಗೆ" ಎಂದು ಕಿನ್ನಿ ಒಳಗೆ ಹೋದಳು.

ಹೊಗೆಯಲ್ಲ. ಮುಂಜಾವಿನಿಂದಲೇ ಅವಳಿಗೆ ಶುರುವಾಗಿತ್ತು. ಹಿತ್ತಿಲಿಗೆ ಹೋಗಿ ಹೋಗಿ ಬಂದು, ಮಗಳ ಎದುರು ಮುಖ ಸರಿಮಾಡಿಕೊಂಡು ಚಮಚ ಹಿಡಿಯುತ್ತಿದ್ದಳು. ಹೇಳಿದರೆ ಮುದ್ದು ಏಳಲು ನೋಡುತ್ತಾಳೆ, ಎದ್ದರೆ ಬೀಳುತ್ತಾಳೆ ಎಂಬ ಭಯ. ಮಗಳಿಗೆ ಗೊತ್ತಾದದ್ದು ತಾಯಿ ಒಲೆಯ ಬದಿಯಲ್ಲಿ ಕುಸಿದು ಕೂತಾಗ. ಆಗ ಮುದ್ದು ಚಾಪೆಯಿಂದಲೇ ಕೈಚಾಚಿ ಅವಳಿಗೂ ಗಂಜಿ ಕೊಟ್ಟಳು. ಕಿನ್ನಿಯೂ ಬಾಯಿ ತೆರೆದಳು, ಹಟ ಮಾಡಲಿಲ್ಲ. ಆದರೆ ಒಂದು ಚಮಚವೂ ಒಳಗೆ ನಿಲ್ಲಲಿಲ್ಲ. ದುಡಿದು ಸವೆದ ಮೈ, ಆಟಿಯ ಅರೆಹೊಟ್ಟೆ ಬೇರೆ. ಹೊತ್ತು ಮೀರಿತ್ತು.

ಮಧ್ಯಾಹ್ನದ ಮೇಲೆ ಹೊಳೆಯ ನೀರು ಒಂದು ಮೊಳ ತಗ್ಗಿತು. ಅದ್ದು ಆಣೆಯಿಟ್ಟ ಹಾಗೆಯೇ ದೋಣಿ ತೆಗೆದು ಬಾಗಿಲಿಗೆ ಬಂದ. "ಮುದ್ದುವನ್ನು ಎತ್ತುವನಾ?" ಎಂದವನು ಒಲೆಯ ಬದಿಯಲ್ಲಿ ಕುಸಿದಿದ್ದ ಕಿನ್ನಿಯನ್ನು ಕಂಡ.

"ಮುದ್ದು ಬೇಡ. ಅವಳು ಗಟ್ಟಿಯಾದಳು" ಎಂದಳು ಕಿನ್ನಿ. "ನಾನು ಬರ್ತೇನೆ."

"ನೀನು ಇಲ್ಲೇ ಇರಮ್ಮ, ನಾನು ನೋಡ್ಕೊಳ್ತೇನೆ" ಎಂದು ಮುದ್ದು ಚಾಪೆಯಿಂದಲೇ ಅವಳ ಸೀರೆಯ ಅಂಚು ಹಿಡಿದಳು.

"ಎಂತ ನೋಡ್ಕೊಳ್ಳುವುದು? ಕೂರ್ಲಿಕ್ಕೆ ಆಗುವುದಿಲ್ಲ ನಿನಗೆ. ನನ್ನ ಹೊಲಸು ಮುಟ್ಟಿ ಪುನಃ ಬಿದ್ರೆ ನಾನು ಇಷ್ಟು ಮಾಡಿದ್ದು ಯಾಕೆ?" ಬೈಯುವ ದನಿ, ಆದರೆ ದನಿಯಲ್ಲಿ ಉಸಿರೇ ಇರಲಿಲ್ಲ. ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆರಳುಗಳು ತುಂಬಿಕೊಂಡಿದ್ದವು, ನೆರಿಗೆ ಹೋಗಿತ್ತು. ಅವುಗಳನ್ನು ಒಂದು ಗಳಿಗೆ ಒತ್ತಿ ನೋಡಿದಳು.

ಅದ್ದು ಎತ್ತಲು ಬಗ್ಗಿದ. "ಮುಟ್ಬೇಡ" ಎಂದಳು. "ನಿನ್ನ ಮನೆಯಲ್ಲಿ ಮಕ್ಕಳಿದ್ದಾರೆ. ಮುಂದೆ ನಡಿ, ನಾನು ಬರ್ತೇನೆ."

ಗೋಡೆ ಹಿಡಿದುಕೊಂಡು ಎದ್ದಳು. ಬಾಗಿಲ ಹತ್ತಿರ ಒಮ್ಮೆ ನಿಂತು, ಬೇಲಿಯಾಚೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದ ಬೀಫಾತಿಮ್ಮನಿಗೆ, "ಒಲೆಯ ಮೇಲೆ ಗಂಜಿ ಉಂಟು, ತಳ ಹಿಡಿಯುವ ಮೊದಲು ಇಳಿಸು" ಎಂದಳು. ಆಮೇಲೆ ಹೊಸ್ತಿಲು ದಾಟಿ, ಮಳೆ ನಿಂತ ಹಸಿ ಮರಳಿನ ಮೇಲೆ, ಅದ್ದುವಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದಳು.